ಹದಿನೇಳನೆಯ ಚೌಕಟ್ಟು

ಹದಿನೇಳನೆಯದೊಂದನ್ನು ಇಳಿಸಿ ಕಪಾಟಿನ ಹಿಂದೆ ತಳ್ಳಿಬಿಟ್ಟರೆ ಯಾರಿಗೆ ಗೊತ್ತಾಗುತ್ತದೆ? ಅವನು ಚೌಕಟ್ಟಿನ ಎರಡೂ ಅಂಚು ಹಿಡಿದು ಎತ್ತಿದ. ಅಲುಗಲಿಲ್ಲ. ನಾಲ್ಕು ಮೂಲೆಗೂ ಸ್ಕ್ರೂ. ಹೋದ ವಾರ ಬಡಗಿಯ ಪಕ್ಕದಲ್ಲಿ ನಿಂತು, 'ಗಟ್ಟಿಯಾಗಿ ಕೂರಿಸಪ್ಪ' ಎಂದವನು ತಾನೇ. ಕವಿತೆಯನ್ನು ಯಾರಾದರೂ ಕದ್ದಾರು ಎಂಬ ಭಯ ಆಗ ಅದೆಲ್ಲಿಂದ ಬಂದಿತ್ತೋ.

"ಬೆಳಿಗ್ಗೆ ಬೆಳಿಗ್ಗೆ ಗೋಡೆ ಜೊತೆ ಕುಸ್ತೀನಾ ಸಾರ್?"

ಬಕೆಟ್ಟು ಹಿಡಿದು ಬಾಗಿಲಲ್ಲಿ ನಿಂತಿದ್ದಳು ಅಟೆಂಡರ್. ಗ್ರಂಥಾಲಯದಲ್ಲಿ ಎಲ್ಲರೂ ಅವಳನ್ನು ದೊಡ್ಡಮ್ಮ ಎನ್ನುತ್ತಿದ್ದರು, ಅವಳಿಗಿಂತ ಹಿರಿಯರೂ ಕೂಡ.

"ಓರೆಯಾಗಿತ್ತು."

"ಅದೊಂದನ್ನೇ ದಿನಾ ಒರೆಸ್ತೀರಿ. ಮಿಕ್ಕ ಇಪ್ಪತ್ತಮೂರು ಏನು ಪಾಪ ಮಾಡಿವೆ?"

ಅವನು ಗಾಜು ಒರೆಸುವ ಕರವಸ್ತ್ರವನ್ನು ಜೇಬಿಗೆ ಹಾಕಿಕೊಂಡು ಕ್ಯಾಟಲಾಗ್ ವಿಭಾಗದ ತನ್ನ ಮೇಜಿಗೆ ಹೋದ.

ಓದುವ ಕೋಣೆಗಳ ಬೋಳು ಗೋಡೆಗೆ ವಿದ್ಯಾರ್ಥಿಗಳ ಚಿತ್ರ, ಕವಿತೆ ಹಾಕಿಸಬೇಕೆಂಬುದು ಮುಖ್ಯ ಗ್ರಂಥಪಾಲಕರ ಆಸೆ. ಹೆಸರಿದ್ದರೆ ಮಕ್ಕಳು ನಾಚಿಕೊಳ್ಳುತ್ತಾರೆ, ರಿಜಿಸ್ಟರ್ ನಂಬರ್ ಸಾಕು ಎಂದಿದ್ದರು. ಇಪ್ಪತ್ತನಾಲ್ಕು ಚೌಕಟ್ಟು ಮಾಡಿಸಿದರು, ವಿದ್ಯಾರ್ಥಿಗಳಿಂದ ಬಂದದ್ದು ಇಪ್ಪತ್ತಮೂರು. ಖಾಲಿ ಚೌಕಟ್ಟು ಚೆನ್ನಾಗಿ ಕಾಣುವುದಿಲ್ಲ ಎಂಬ ನೆಪ ಸಿಕ್ಕಿದ್ದೇ ತಡ, ಅವನು ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಬರೆದು ಯಾರಿಗೂ ತೋರಿಸದೆ ಇಟ್ಟುಕೊಂಡಿದ್ದ ಕವಿತೆಯನ್ನು ಟೈಪು ಮಾಡಿ ಅದರೊಳಗೆ ಸೇರಿಸಿದ್ದ.

ಅದರ ಕೆಳಗೆ ಹಾಕಲು ಒಂದು ನಂಬರ್ ಬೇಕಿತ್ತು. ಹೋದ ವರ್ಷ ಪರೀಕ್ಷೆಯ ಕೋಣೆಯಿಂದ ಎದ್ದು ಹೋಗಿ, ಓದು ಬಿಟ್ಟ ಒಬ್ಬ ಹುಡುಗಿಯ ನಂಬರ್ ಅವನಿಗೆ ನೆನಪಿತ್ತು. ಅವಳ ಪುಸ್ತಕಗಳೆಲ್ಲ ವಾಪಸು ಬಂದಿವೆ ಎಂದು ಸಹಿ ಹಾಕಿದವನು ಅವನೇ. ಯಾರದ್ದೂ ಅಲ್ಲದ ನಂಬರ್. ರದ್ದಾದ ಪುಸ್ತಕದ ನಂಬರನ್ನು ಇನ್ನೊಂದಕ್ಕೆ ಕೊಡಬಾರದು ಎಂಬುದು ಕ್ಯಾಟಲಾಗಿನ ಮೊದಲ ಪಾಠ. ಇಪ್ಪತ್ತೈದು ವರ್ಷ ಹೊಸಬರಿಗೆಲ್ಲ ಅದನ್ನೇ ಹೇಳಿಕೊಟ್ಟಿದ್ದ.

ಈಗ ಮೇಜಿನ ಮೇಲೆ ಸುತ್ತೋಲೆ ಕೂತಿತ್ತು. ಮಧ್ಯಾಹ್ನ ಮೂರಕ್ಕೆ ಕುಲಪತಿಗಳು ಬರುತ್ತಾರೆ. ಬರೆದವರೆಲ್ಲ ತಮ್ಮ ತಮ್ಮ ಚೌಕಟ್ಟಿನ ಪಕ್ಕ ನಿಂತಿರತಕ್ಕದ್ದು. ಎಲ್ಲ ನಂಬರುಗಳಿಗೂ ಕಚೇರಿಯಿಂದ ನಿನ್ನೆಯೇ ಚೌಕಟ್ಟಿನ ಫೋಟೋ ಸಮೇತ ಮೆಸೇಜು ಹೋಗಿದೆ.

ಹದಿನೇಳರ ಪಕ್ಕ ಯಾರೂ ನಿಂತಿರುವುದಿಲ್ಲ. ಯಾಕೆ ಎಂದು ಕೇಳುತ್ತಾರೆ. ರಿಜಿಸ್ಟರ್ ತರಿಸುತ್ತಾರೆ. ಪಟ್ಟಿ ಮಾಡಿದವರು ಯಾರು? ಆಮೇಲೆ ಕ್ಯಾಂಟೀನಿನಲ್ಲಿ ನಗು. ಐವತ್ತೊಂದು ವಯಸ್ಸಿನ ಕ್ಯಾಟಲಾಗಿನವನು ಹುಡುಗಿಯೊಬ್ಬಳ ನಂಬರಿನಲ್ಲಿ ಕವಿತೆ ಬರೆದ. ವಿಚಾರಣೆಯನ್ನಾದರೂ ತಡೆದುಕೊಳ್ಳಬಹುದು, ಆ ನಗುವನ್ನಲ್ಲ.

ಹನ್ನೆರಡಕ್ಕೆ ಆ ಹುಡುಗಿಯೇ ಬಂದಳು. ಅವನು ಗುರುತು ಹಿಡಿಯಲಿಲ್ಲ. ಅವಳು ಗುರುತಿನ ಚೀಟಿಯನ್ನು ಮೇಜಿನ ಮೇಲಿಟ್ಟಾಗ ನಂಬರನ್ನು ಗುರುತು ಹಿಡಿದ.

"ನೀವು... ಬಿಟ್ಟಿದ್ದಿರಲ್ಲ?"

"ಈ ತಿಂಗಳು ಮತ್ತೆ ಸೇರ್ಕೊಂಡೆ ಸರ್. ಹಳೇ ನಂಬರೇ ಕೊಟ್ರು." ಅವಳು ಸ್ವಲ್ಪ ತಡೆದು ಹೇಳಿದಳು, "ಆ ಹದಿನೇಳನೇದು ನಂದಲ್ಲ."

"ತಪ್ಪಾಗಿರಬೇಕು."

"ಯಾರ್ದು ಸರ್ ಅದು?"

"ನೋಡ್ಬೇಕು."

"ನೋಡ್ಬೇಡಿ." ಅವಳು ಚೀಟಿಯನ್ನು ವಾಪಸು ಎಳೆದುಕೊಂಡಳು. "ಮೆಸೇಜು ಅಪ್ಪನ ಫೋನಿಗೂ ಹೋಗಿದೆ. ನಾನು ಮನೇಲಿ ಕೂತಿದ್ದ ಒಂದು ವರ್ಷ ಅಪ್ಪ ನನ್ನ ಹತ್ರ ಊಟ ಆಯ್ತಾ ಅಂತ ಬಿಟ್ರೆ ಇನ್ನೊಂದು ಮಾತಾಡಿಲ್ಲ. ನಿನ್ನೆ ಅದನ್ನ ಓದಿ ಫೋನ್ ಮಾಡಿದ್ರು. ಇಷ್ಟೆಲ್ಲ ಒಳಗೇ ಇಟ್ಕೊಂಡಿದ್ಯೇನೇ ಅಂದ್ರು. ಅರ್ಧ ಗಂಟೆ ಮಾತಾಡಿದ್ರು ಸರ್."

ಅವನ ತಂದೆ ಅದನ್ನು ಓದದೆಯೇ ತೀರಿಕೊಂಡಿದ್ದರು.

"ನನ್ನ ಹೆಸರಲ್ಲೇ ಇರ್ಲಿ ಸರ್. ಬರೆದೋರು ಕೇಳ್ಕೊಂಡು ಬಂದ್ರೆ ನಾನೇ ಅವ್ರ ಹತ್ರ ಮಾತಾಡ್ತೀನಿ, ಕೈ ಮುಗೀತೀನಿ."

"ಬರಲ್ಲ ಬಿಡಿ."

"ನಿಮಗೆ ಹೇಗೆ ಗೊತ್ತು?"

"ಸಾಮಾನ್ಯವಾಗಿ ಬರಲ್ಲ."

ಅವಳು ಹೋದ ಮೇಲೆ ಅವನು ಒಂದು ಲೋಟ ನೀರು ಕುಡಿದ. ಇನ್ನೊಂದು ಲೋಟ ಕುಡಿದ. ಎದೆಯ ಮೇಲಿನ ಕಲ್ಲು ಸರಿದಿತ್ತು. ಸರಿದ ಜಾಗ ಬರಿದಾಗಿದೆಯೋ ಹಗುರಾಗಿದೆಯೋ ಎಂದು ನೋಡುವ ಗೋಜಿಗೆ ಹೋಗಲಿಲ್ಲ. ಮನೆಯಿಂದ ತಂದಿದ್ದ ಬುತ್ತಿಯನ್ನು ಒಂದಗಳೂ ಬಿಡದೆ ತಿಂದ. ಊಟ ಮುಗಿಸಿ ಬಂದರೆ ಮೇಜಿನ ಮೇಲೆ ತಟ್ಟೆ ಮುಚ್ಚಿಟ್ಟ ಚಹಾ, ಪಕ್ಕದಲ್ಲಿ ಮಡಿಸಿದ ಮೆತ್ತನೆಯ ಹಳೆಯ ಬಟ್ಟೆ.

"ಇದೇನು?"

"ಗಾಜಿಗೆ. ಕರ್ಚೀಫು ಗೀರು ಬೀಳಿಸುತ್ತೆ," ಎಂದಳು ದೊಡ್ಡಮ್ಮ, ಬೇರೆಲ್ಲೋ ನೋಡುತ್ತಾ. ಅವಳಿಗೆ ಎಷ್ಟು ಗೊತ್ತು ಎಂದು ಅವನು ಕೇಳಲಿಲ್ಲ. ಚಹಾ ಬಿಸಿಯಾಗಿತ್ತು.

ಮೂರು ಗಂಟೆಗೆ ಕುಲಪತಿಗಳು ಬಂದರು. ಒಂದೊಂದರ ಮುಂದೆಯೂ ಅರ್ಧ ನಿಮಿಷ ನಿಂತು ತಲೆಯಾಡಿಸುತ್ತಾ ಹದಿನೇಳನ್ನು ತಲುಪಿದರು. ಹುಡುಗಿ ಇಸ್ತ್ರಿ ಮಾಡಿದ ಬಟ್ಟೆ ತೊಟ್ಟು ನಿಂತಿದ್ದಳು. ಕುಲಪತಿಗಳು ಕನ್ನಡಕ ಏರಿಸಿ ಗಟ್ಟಿಯಾಗಿ ಓದಿದರು:

"ನಮ್ಮ ಮನೆಯಲ್ಲಿ ಬಾಗಿಲು ಸದ್ದಿಲ್ಲದೆ ಮುಚ್ಚುತ್ತದೆ. ಬೈದಿದ್ದರೆ ಚೆನ್ನಾಗಿತ್ತು."

ತನ್ನ ಸಾಲು ಇನ್ನೊಬ್ಬರ ಬಾಯಿಯಲ್ಲಿ ಕೇಳಿಸಿದ್ದು ಇದೇ ಮೊದಲು. ಅವನು ನೆಲ ನೋಡಿದ.

"ಬೈದಿದ್ರೆ ಯಾಕಮ್ಮಾ ಚೆನ್ನಾಗಿತ್ತು?"

ಹುಡುಗಿ ಯೋಚಿಸಿದಳು. "ಬೈಯೋರು ನಮ್ಮ ಕಡೆ ಮುಖ ಮಾಡಿರ್ತಾರೆ ಸರ್."

ಅವನಿಗೆ ಅದು ಗೊತ್ತಿರಲಿಲ್ಲ. ಮೂವತ್ತು ವರ್ಷ ಆ ಸಾಲನ್ನು ಕಾಪಾಡಿಕೊಂಡು ಬಂದವನಿಗೆ ಅದು ಕಿವಿಗೆ ಹಿತವಾಗಿದೆ ಎಂದಷ್ಟೇ ಗೊತ್ತಿತ್ತು.

ಮುಖ್ಯ ಗ್ರಂಥಪಾಲಕರು ಅವನ ಕಡೆ ವಾಲಿದರು. "ಚೆನ್ನಾಗಿದೆಯಲ್ರೀ. ನೀವು ಓದಿದ್ರಾ?"

"ಇಲ್ಲ ಸರ್. ನಂಬರ್ ಅಂಟಿಸಿದ್ದು ಮಾತ್ರ."

ಹೇಳುವಾಗ ಅದು ಸುಳ್ಳು ಎನ್ನಿಸಲಿಲ್ಲ.

ಹೋಗುವ ಮುಂಚೆ ಕುಲಪತಿಗಳು, ನಂಬರಿನ ಜೊತೆ ಹೆಸರೂ ಇರಲಿ, ಇವರೇನು ಕೈದಿಗಳೇ ಎಂದರು. ಎಲ್ಲರೂ ನಕ್ಕರು. ಅವನೂ ನಕ್ಕ. ಸಂಜೆ ಐದರೊಳಗೆ ಇಪ್ಪತ್ತನಾಲ್ಕು ಹೆಸರು ಟೈಪು ಮಾಡಿ, ಕತ್ತರಿಸಿ, ಗೋಂದು ಹಿಡಿದು ಹೊರಟ. ಹದಿನೇಳನ್ನು ಕೊನೆಗೆ ಉಳಿಸಿಕೊಂಡಿದ್ದ.

ಕೋಣೆ ತುಂಬಿತ್ತು. ಆ ಚೌಕಟ್ಟಿನ ಕೆಳಗಿನ ಮೇಜಿನಲ್ಲೇ ಹುಡುಗಿ ಕೂತು ಹೋದ ವರ್ಷ ಬಿಟ್ಟುಹೋದ ಪಾಠ ಓದುತ್ತಿದ್ದಳು. ಅವನು ಅವಳ ಹೆಸರನ್ನು ಗಾಜಿನ ಕೆಳಗೆ ಇಟ್ಟು, ಹೆಬ್ಬೆರಳಿನಿಂದ ಎಡದಿಂದ ಬಲಕ್ಕೆ ಒತ್ತಿದ. ಚೆನ್ನಾಗಿ ಅಂಟಿತು. ಸುಮ್ಮನೆ ನಿಂತ.

"ಸರ್, ಸ್ವಲ್ಪ ಪಕ್ಕಕ್ಕೆ ಬರ್ತೀರಾ?" ಅವಳು ತಲೆಯೆತ್ತಲಿಲ್ಲ. "ಬೆಳಕಿಗೆ ಅಡ್ಡ ಆಗ್ತಿದೆ."

"ಓಹೋ." ಅವನು ಸರಿದ.

"ಇನ್ನೂ ಸ್ವಲ್ಪ ಸರ್."

ಇನ್ನೂ ಸರಿದ. ಗೋಡೆಗೂ ಕೊನೆಯ ಕಪಾಟಿಗೂ ನಡುವೆ ಎರಡು ಗೇಣಿನಷ್ಟು ಜಾಗವಿತ್ತು. ಅವನು ಭುಜ ಕಿರಿದು ಮಾಡಿಕೊಂಡು, ಕಪಾಟಿನ ಪುಸ್ತಕದ ಹಾಗೆ ಬೆನ್ನು ಹೊರಗೆ ಕಾಣುವಂತೆ, ಅದರೊಳಗೆ ಸೇರಿಕೊಂಡು ನೆಟ್ಟಗೆ ನಿಂತುಕೊಂಡ. ಅಳತೆ ಸರಿಯಾಗಿ ಹೊಂದಿತು. ಪುಟದ ಮೇಲೆ ಬೆಳಕು ಬಿತ್ತು. ಅವನ ಉಸಿರು ನಿರಾಳವಾಗಿತ್ತು.