ಎರವಿನ ಜಮಖಾನಿ

ನಾದಿನಿಯ ನಿಶ್ಚಯಕ್ಕೆ ಬೀಗರು ಬರುವ ದಿನ ಗುರವ್ವ ಬಾಜೂಮನೆಯ ಅನ್ನವ್ವನ ಜಮಖಾನಿ ಎರವು ತಂದು ಪಡಸಾಲೆಯಲ್ಲಿ ಹಾಸಿದ್ದಳು. ನವಲಗುಂದದ ಮಗ್ಗದಲ್ಲಿ ನೇಯ್ದದ್ದು. ತಿರ್ಲಾಪುರದಲ್ಲಿ ಯಾರ ಮನೆಯಲ್ಲಿ ಮಂದಿ ಸೇರಿದರೂ ಅದೇ ಹೋಗುತ್ತಿತ್ತು. ಊರೆಲ್ಲ ತಿರುಗಿ ತಿರುಗಿ ಅದರ ಮೈ ಎರೆಹೊಲದ ಬಣ್ಣಕ್ಕೆ ಬಂದಿತ್ತು.

ಮಾತುಕತೆ ಚಂದಾಗಿ ಮುಗಿಯಿತು. ವರನ ಸೋದರಮಾವ ಶಂಕ್ರಪ್ಪ ಯರಗುಪ್ಪಿಯವನು, ಮಾತಿಗಿಂತ ಕೈ ಬೀಸುವುದೇ ಹೆಚ್ಚು. ಖುಷಿಯಲ್ಲಿ ಒಮ್ಮೆ ಬೀಸಿದ್ದಕ್ಕೆ ಬಸಿಯಲ್ಲಿದ್ದ ಚಹಾ ಪೂರಾ ಜಮಖಾನಿಯ ಪಾಲಾಯಿತು.

"ಇರ್ಲಿ ಬಿಡ್ರಿ, ಏನೂ ಆಗಂಗಿಲ್ಲ," ಎಂದು ಗುರವ್ವ ನಕ್ಕಳು. ಬೀಗರ ಮುಂದೆ ಮತ್ತೇನು ಅಂದಾಳು?

ಬೀಗರು ಚಕ್ಕಡಿ ಹತ್ತಿದ್ದೇ ತಡ, ಒಣ ಅರಿವೆ ಒತ್ತಿ ಒತ್ತಿ ಚಹಾ ಹೀರಿಸಿದಳು. ತಣ್ಣೀರು ಚಿಮುಕಿಸಿ ಮತ್ತೆ ಒತ್ತಿದಳು. ಗಂಡ ಈರಬಸಪ್ಪ ತಿಕ್ಕಲು ಬಂದರೆ ಕೈ ಹಿಡಿದು ನಿಲ್ಲಿಸಿದಳು. "ತಿಕ್ಕಬ್ಯಾಡ್ರಿ, ಕಲಿ ಇನ್ನಷ್ಟು ಹರಡತೈತಿ." ಲಿಂಬೆರಸವನ್ನು ಮೊದಲು ಅಂಚಿಗೆ ಹಚ್ಚಿ, ಬಣ್ಣ ಬಿಡುವುದಿಲ್ಲ ಎಂದು ಖಾತ್ರಿಯಾದ ಮೇಲೆ ಕಲೆಯ ಮೇಲೆ ಹಿಂಡಿ ಉಪ್ಪು ಉದುರಿಸಿದಳು. ತುಸು ಹೊತ್ತು ಬಿಟ್ಟು ತೊಳೆದರೆ ಚಹಾ ಹೋಗಿತ್ತು. ಅದರ ಸಂಗಡ ಊರವರ ಕಾಲಧೂಳೂ ಹೋಗಿ, ಅಷ್ಟೇ ಜಾಗ ಕೆಂಪಗೆ ಹೊಳೆಯುತ್ತಿತ್ತು.

"ಈಗ ಮೊದಲಿನಕಿಂತ ಎದ್ದು ಕಾಣತೈತಲ್ಲ," ಎಂದ ಈರಬಸಪ್ಪ.

ಬೇರೆ ದಾರಿ ಇರಲಿಲ್ಲ. ಮರುದಿನ ಮುಂಜಾನೆ ಇಬ್ಬರೂ ಅದನ್ನು ಕಾಲುವೆಗೆ ಹೊತ್ತೊಯ್ದು, ಅಂಟವಾಳಕಾಯಿಯ ನೊರೆಯಲ್ಲಿ ನೆನೆಸಿ, ತುಳಿದು ತುಳಿದು ತೊಳೆದರು. ನೀರು ಕಪ್ಪಗೆ ಹರಿಯಿತು. ಕಟ್ಟೆಯ ಮೇಲೆ ಹರವಿದಾಗ ಕೆಂಪು, ಹಳದಿ, ನೀಲಿ ಒಂದೊಂದಾಗಿ ಎದ್ದು ಬಂದವು.

ಸಂಜೆ ಮಡಿಸಿ ಕೊಡಲು ಹೋದರೆ ಅನ್ನವ್ವ ಬಿಚ್ಚಿ ನೋಡಿ ಹುಬ್ಬು ಗಂಟಿಕ್ಕಿದಳು.

"ಗುರವ್ವ, ಇದು ನಮ್ದಲ್ಲ. ಬೀಗರ ಗದ್ದಲದಾಗ ಅದಲುಬದಲು ಆಗೇತಿ. ನಮ್ದು ಹುಡುಕಿ ಕೊಡು."

"ನಿಮ್ದ ಐತ್ರಿ ಅಕ್ಕಾರ."

"ನಮ್ಮನಿ ಸಾಮಾನು ನನಗ ಗುರುತು ಸಿಗೂದಿಲ್ಲೇನು? ನಮ್ದು ಮಾಸಲ ಬಣ್ಣದ್ದು."

ತೊಳೆದೆ ಎಂದರೆ ಯಾಕೆ ತೊಳೆದೆ ಎಂಬ ಮಾತು ಬರುತ್ತದೆ. ಕಡೆಗೆ ಗುರವ್ವ ಶಂಕ್ರಪ್ಪನ ಚಹಾದಿಂದ ಹಿಡಿದು ಕಾಲುವೆಯತನಕ ಎಲ್ಲ ಹೇಳಿಬಿಟ್ಟಳು.

"ಚಹಾ ಚೆಲ್ಲಿದ್ರ ಹಳೇದು ಹೊಸಾದಾಗತೈತಿ ಅಂದ್ರ ನಂಬಲೇನು?" ಎಂದಳು ಅನ್ನವ್ವ.

ಒಳಗಿಂದ ಅವಳ ಅತ್ತೆ ದುರ್ಗವ್ವ ಗೋಡೆ ಹಿಡಿದುಕೊಂಡು ಬಂದಳು. ಬಗ್ಗಿ, ಜಮಖಾನಿಯ ಮೂಲೆಯಲ್ಲಿ ನೇಯ್ದಿದ್ದ ಹಕ್ಕಿಯ ಮೇಲೆ ಕೈಯಾಡಿಸಿದಳು. ಮುದುಕಿಯ ಮುಖ ಅರಳಿತು.

"ಇವು ನನ್ನ ನವಿಲು ಬೇ. ನನ್ನ ಲಗ್ನಕ್ಕ ನಮ್ಮಪ್ಪ ನವಲಗುಂದದಾಗ ನೇಯಿಸಿದ್ದು. ಇದರಾಗ ನವಿಲು ಅದಾವು ಅಂದ್ರ ನೀ ಎಂದಾರ ನಂಬಿದ್ದೇನು? ಕಾಗಿ ಅಂತಿದ್ದಿ."

ಅನ್ನವ್ವ ಬಗ್ಗಿ ನೋಡಿದಳು. ಕಾಗೆಯ ಕೊರಳು ಅಗದಿ ನೀಲಿಯಾಗಿತ್ತು. ಸೆರಗು ಬಾಯಿಗೆ ಹಿಡಿದು ನಗಲು ಶುರುಮಾಡಿದವಳಿಗೆ ಬಹಳ ಹೊತ್ತು ನಿಲ್ಲಿಸಲಾಗಲಿಲ್ಲ. ಗುರವ್ವನ ಎದೆಯೂ ಹಗುರಾಯಿತು. ದುರ್ಗವ್ವ ಮಾತ್ರ ಜಮಖಾನಿಯ ನಟ್ಟನಡುವೆ ಕಾಲು ಚಾಚಿ ಕೂತವಳು ದೀಪ ಹಚ್ಚುವತನಕ ಏಳಲಿಲ್ಲ.

ಮರುದಿನ ಬೆಳಗಾಗುತ್ತಲೇ ಅನ್ನವ್ವ ತಲೆಯ ಮೇಲೊಂದು ಕೌದಿ, ಬಗಲಲ್ಲೊಂದು ಹಳೇ ಕಂಬಳಿ ಹೊತ್ತು ಗುರವ್ವನ ಬಾಗಿಲಿಗೆ ಬಂದಳು.

"ಕಾಲುವಿಗೆ ಹೋಗೂಣು ಬಾ. ನಿಮ್ಮವರನ್ನೂ ಕರಿ, ತುಳ್ಯಾಕ ಗಟ್ಟಿ ಆಳು ಬೇಕು."

ಈರಬಸಪ್ಪ ಆಗಲೇ ಹೊಲದ ನೆಪಕ್ಕೆ ಎತ್ತು ಹೊಡೆಯುವ ಬಾರಕೋಲು ಎತ್ತಿಕೊಂಡು ಹಿತ್ತಲಿನ ಕಡೆ ಹೊರಟಿದ್ದ. ಗುರವ್ವ ಅವನಿಗಿಂತ ಮೊದಲೇ ಹೋಗಿ ಹಿತ್ತಲ ಬಾಗಿಲಿಗೆ ಅಗಳಿ ಹಾಕಿದಳು.