ಕವುಚಿದ ಕಲ್ಲುಬಾನಿ

ನಾನು ಕಲ್ಲುಬಾನಿ. ದನಗಳು ನೀರು ಕುಡಿಯುವ, ಹಂದಿಗಳು ಮುಸುರೆ ತಿನ್ನುವ ಕಲ್ಲಿನ ತೊಟ್ಟಿ. ನಂಜನಗೂಡಿನ ಕಡೆಯ ಒಂದು ಕರಿಬಂಡೆಯಿಂದ ನನ್ನನ್ನು ಸೀಳಿ ತೆಗೆದವನು ಕಲ್ಲುಕುಟಿಗ ಮುನಿಯಪ್ಪ. ಬೇಸಿಗೆಯ ಬಿಸಿಲಲ್ಲಿ ತಲೆಗೆ ಒದ್ದೆ ಟವೆಲು ಸುತ್ತಿಕೊಂಡು ಕೂತು ನನ್ನ ಹೊಟ್ಟೆ ಕೊರೆದ. ಕೆಲಸ ಮುಗಿದ ದಿನ ಅವನ ಹೆಂಡತಿ ನೀರು ತುಂಬಿ ನೋಡಿದಳು, ಸೋರಲಿಲ್ಲ. ಅಂದಿನಿಂದ ನನ್ನ ಪಾಲಿಗೆ ಬಂದ ಕೆಲಸ ಒಂದೇ: ಹೊಟ್ಟೆಯಲ್ಲಿದ್ದದ್ದನ್ನು ಬಾಯಿಟ್ಟವರಿಗೆಲ್ಲ ಕೊಡುವುದು. ಯಾರ ಬಾಯಿ, ಎಂಥ ಬಾಯಿ ಎಂದು ಬಾನಿ ಕೇಳುವಂತಿಲ್ಲ.

ಮೊದಲು ನಾನು ಗೌಡರ ಕೊಟ್ಟಿಗೆಯಲ್ಲಿದ್ದೆ. ಎತ್ತುಗಳು ಹೋಗಿ ಟ್ರ್ಯಾಕ್ಟರ್ ಬಂದ ಮೇಲೆ ನನ್ನೊಳಗೆ ಬೇವಿನೆಲೆ ಉದುರಿ ಕೊಳೆಯತೊಡಗಿತು. ಆ ಮನೆಯ ಮುಸುರೆ ಒಯ್ಯಲು ದಿನವೂ ಬರುತ್ತಿದ್ದ ಹೆಂಗಸು ಒಂದು ಬೆಳಗ್ಗೆ ನನ್ನ ಮುಂದೆ ನಿಂತಳು.

"ಗೌಡ್ರೇ, ಈ ಬಾನಿ ಸುಮ್ನೆ ಬಿದ್ದದಲ್ಲ. ನನ್ ಹಂದಿಗಾದ್ರೂ ಆಯ್ತದೆ."

"ಎತ್ಕೊಂಡೋಗು ತಾಯಿ, ಎತ್ತಕ್ಕಾದ್ರೆ," ಎಂದು ಗೌಡರು ನಕ್ಕರು.

ಅವಳು ನಾಲ್ಕು ಜನರನ್ನು ಕರೆತಂದು ಗಾಡಿಗೆ ಹೇರಿಸಿಯೇಬಿಟ್ಟಳು. ಅವಳೇ ಚಿಕ್ಕತಾಯಮ್ಮ. ಗಂಡ ತೀರಿಕೊಂಡಾಗ ಮಗ ಪುಟ್ಟಮಾದ ಇನ್ನೂ ಎದೆಹಾಲು ಬಿಟ್ಟಿರಲಿಲ್ಲವಂತೆ. ಅವನನ್ನು ಹಂದಿ ಸಾಕಿಯೇ ದೊಡ್ಡವನನ್ನಾಗಿ ಮಾಡಿದ್ದಳು. ಕೆರೆಯ ಅಂಚಿಗಿದ್ದ ಅವಳ ಹಿತ್ತಿಲಿನಲ್ಲಿ ಹಂದಿಗೂಡಿನ ಪಕ್ಕಕ್ಕೇ ನನ್ನನ್ನು ಇಳಿಸಿದರು. ಹಿಂಡಿಗೆ ಹಿರಿಯಳು ಕೆಂಚಿ ಎಂಬ ಕೆಂಪು ಹಂದಿ. ಚಿಕ್ಕತಾಯಮ್ಮ ಗಂಟಲಿನಿಂದ ಒಂದು ವಿಚಿತ್ರ ಕೂಗು ಹಾಕಿದರೆ ಕೆರೆಯ ಆ ದಡದಲ್ಲಿದ್ದರೂ ಕೆಂಚಿ ಕಿವಿ ನಿಮಿರಿಸಿ ಓಡಿಬರುತ್ತಿದ್ದಳು. ಹಿಂದೆ ಉಳಿದವೆಲ್ಲ.

ಪುಟ್ಟಮಾದನಿಗೆ ಮದುವೆಯಾಯಿತು. ಸೊಸೆ ಸೌಭಾಗ್ಯ ತವರಿನಿಂದ ಬರುವಾಗ ಬಾತುಕೋಳಿಗಳನ್ನು ತಂದಳು. ಹಗಲೆಲ್ಲ ಕೆರೆಯಲ್ಲಿ ಈಜಿ, ಸಂಜೆ ಸಾಲಾಗಿ ಬಂದು ಅವೂ ನನ್ನಲ್ಲೇ ಕೊಕ್ಕು ಅದ್ದುತ್ತಿದ್ದವು. ಹಂದಿಗಳು ಅವನ್ನು ಓಡಿಸಲಿಲ್ಲ. ಅತ್ತೆ ಸೊಸೆ ನನ್ನ ಅಂಚಿನ ಮೇಲೆ ಕೂತು ಈ ಸಂಸಾರವನ್ನು ನೋಡಿ ನಗುತ್ತಿದ್ದರು.

ಚಳಿಗಾಲಕ್ಕೆ ಕೆರೆಗೆ ಹಿಮಾಲಯದಾಚೆಯಿಂದ ಪಟ್ಟೆ ತಲೆಯ ಹೆಬ್ಬಾತುಗಳು ಬರುವುದು ವಾಡಿಕೆ. ಆ ವರ್ಷವೂ ಬಂದವು. ಸೌಭಾಗ್ಯಳ ಬಾತುಗಳು ಅವುಗಳ ನಡುವೆಯೇ ಈಜಾಡಿದವು. ಒಂದೆರಡು ದಿನ ಮಂಕಾಗಿ, ಮತ್ತೆ ಚೇತರಿಸಿಕೊಂಡವು. ಯಾರೂ ಅದನ್ನು ದೊಡ್ಡದು ಮಾಡಲಿಲ್ಲ. ಅದೇ ವಾರ ಮೈಸೂರಿನಲ್ಲಿ ಗಾರೆ ಕೆಲಸಕ್ಕೆ ಹೋಗಿದ್ದ ಪುಟ್ಟಮಾದ ಕೆಮ್ಮು, ಜ್ವರ ಅಂಟಿಸಿಕೊಂಡು ಮನೆಗೆ ಬಂದ. ಕಂಬಳಿ ಹೊದ್ದುಕೊಂಡೇ ಹಂದಿಗಳಿಗೆ ಮುಸುರೆ ಸುರಿದ, ಕೆಂಚಿಯ ಮೂತಿ ಸವರಿದ, ಅಲ್ಲೇ ಕೆಮ್ಮಿದ. ಅವನ ಜ್ವರವೂ ಬಿಟ್ಟಿತು.

ಹಕ್ಕಿಯ ಕಾಯಿಲೆ ಒಂದು ಕಡೆಯಿಂದ, ಮನುಷ್ಯನ ಕಾಯಿಲೆ ಇನ್ನೊಂದು ಕಡೆಯಿಂದ ಬಂದು ಕೆಂಚಿಯ ಎದೆಯಲ್ಲಿ ಸಂಧಿಸಿದ್ದು ಆಗಲೇ ಇರಬೇಕು. ಕಣ್ಣಿಗೆ ಕಾಣುವ ಸಂಗತಿಯಲ್ಲ ಅದು. ನಾನು ಕಂಡದ್ದು ಇಷ್ಟೆ: ಕೆಂಚಿ ಮುಸುರೆ ಮುಟ್ಟದೆ ನನ್ನ ಅಂಚಿಗೆ ಗಲ್ಲ ಊರಿ ನಿಂತಳು. ಆಮೇಲೆ ಗೂಡಿನ ತುಂಬ ಕೆಮ್ಮು. ಚಿಕ್ಕತಾಯಮ್ಮ ಬೆಚ್ಚಗಿನ ಗಂಜಿ ಕಲಸಿ ಕೈಯಾರೆ ತಿನ್ನಿಸಿದಳು. ಅವಳಿಗೂ ಜ್ವರ ಬಂತು, ಎದ್ದಳು. ಅತ್ತೆಯ ಆರೈಕೆ ಮಾಡಿದ ಸೌಭಾಗ್ಯ ಮಲಗಿದವಳು ಏಳಲಿಲ್ಲ. ಅವಳಿಗೆ ಏಳು ತಿಂಗಳು ತುಂಬಿತ್ತು. ಉಸಿರು ಸಾಲದೆ ತುಟಿ ನೀಲಿಗಟ್ಟಿದಾಗ ಆಂಬುಲೆನ್ಸ್ ಬಂದು ಕರೆದೊಯ್ದಿತು.

ಮರುದಿನ ಬೆಳಗ್ಗೆ ಹಂದಿ ವ್ಯಾಪಾರಿ ಬೆಳ್ಳಪ್ಪ ಟೆಂಪೋ ತಂದು ನಿಲ್ಲಿಸಿದ. ಸುದ್ದಿ ಕೊಟ್ಟು ಕರೆಸಿದವನು ಪುಟ್ಟಮಾದನೇ.

"ಕೆಮ್ತಾವೆ ಅಂತ ಯಾಕಕ್ಕ ಯೋಚ್ನೆ? ಇವತ್ತೇ ತುಂಬ್ಕೊಂಡ್ ಹೋಗ್ಬುಡ್ತೀನಿ. ನಾಳೆ ಸಂತೇಲಿ ಚದುರೋಯ್ತವೆ. ಯಾರ್ ಹಂದಿ ಅಂತ ಯಾರ್ ಕೇಳಾರು?"

"ಕೊಟ್ಬುಡವ್ವ," ಎಂದ ಪುಟ್ಟಮಾದ. "ದನದ್ ಡಾಕ್ಟ್ರು ಬಂದ್ರೆ ಎಲ್ಲನೂ ಹೂತಾಕ್ತಾರೆ. ಅವಳು ಆಸ್ಪತ್ರೆಲವಳೆ. ನಾಳೆ ನಮ್ಗೆ ಏನ್ ದಿಕ್ಕು?"

ಚಿಕ್ಕತಾಯಮ್ಮ ಗೂಡಿನ ಬಾಗಿಲಿಗೆ ಅಡ್ಡ ನಿಂತಳು. ಜ್ವರದಿಂದ ಎದ್ದವಳು, ಗೂಡಿನ ಗೂಟ ಹಿಡಿದುಕೊಂಡೇ ನಿಂತಿದ್ದಳು.

"ಸೌಭಾಗ್ಯನ್ನ ಮಲಗಿಸಿರದು ಇದೇ ಕೆಮ್ಮು ಕಣೋ. ಈ ಹಂದಿ ತಕಂಡೋದ ಮನೇಲೂ ಒಬ್ಬಳು ಬಸ್ರಿ ಇರಕ್ಕಿಲ್ವಾ?"

"ಇದೇ ಅಂತ ಯಾರವ್ವ ಹೇಳ್ದೋರು?"

"ಅಲ್ಲ ಅಂತ ಯಾರ್ ಹೇಳ್ದೋರು? ಗೊತ್ತಾಗೋಗಂಟ ಒಂದು ಮರಿನೂ ಈ ಬಾಗ್ಲು ದಾಟಕ್ಕಿಲ್ಲ."

ಮಗ ಅವಳ ತೋಳು ಹಿಡಿದು ಪಕ್ಕಕ್ಕೆ ಎಳೆದ. ಅವಳು ಜೋಲಿ ತಪ್ಪಿ ನನ್ನ ಮೇಲೆ ಬಿದ್ದಳು. ಹಣೆ ಒಡೆದು ರಕ್ತ ಬಂತು. ಪುಟ್ಟಮಾದ ತನ್ನ ಕೈಯನ್ನೇ ನೋಡುತ್ತ ನಿಂತುಬಿಟ್ಟ. ಬೆಳ್ಳಪ್ಪ ಟೆಂಪೋ ತಿರುಗಿಸಿಕೊಂಡು ಹೋದ. ಸೆರಗಿನಿಂದ ಹಣೆ ಒತ್ತಿಕೊಂಡೇ ಚಿಕ್ಕತಾಯಮ್ಮ ಪಶು ಆಸ್ಪತ್ರೆಗೆ ನಡೆದಳು.

ಪಶುವೈದ್ಯೆ ಡಾಕ್ಟರ್ ಫಿಲೋಮಿನಾ ಮುಖಗವಸು ಹಾಕಿಕೊಂಡು ಬಂದು ಹಂದಿಗಳ ಮೂಗಿನಿಂದ, ಬಾತುಗಳ ಗಂಟಲಿನಿಂದ ಹತ್ತಿಯ ಕಡ್ಡಿಯಲ್ಲಿ ದ್ರವ ತೆಗೆದರು. ನನ್ನೊಳಗಿನ ನೀರನ್ನೂ ಸೀಸೆಗೆ ತುಂಬಿಕೊಂಡರು. ಆಸ್ಪತ್ರೆಯವರು ಸೌಭಾಗ್ಯಳ ಮಾದರಿಯನ್ನೂ ಕಳಿಸಿದ್ದರು. ದೂರದ ಪ್ರಯೋಗಾಲಯದಿಂದ ಉತ್ತರ ಬಂದ ದಿನ ಡಾಕ್ಟರು ಹಿತ್ತಿಲಿಗೇ ಬಂದು ಹೇಳಿದರು.

"ಚಿಕ್ಕತಾಯಮ್ಮ, ಈ ಶೀತಜ್ವರದ ವೈರಸ್ಸಿನ ಒಳಗೆ ಎಂಟು ತುಂಡು ಇರ್ತವೆ. ಹಕ್ಕಿಯದು ಬೇರೆ, ಮನುಷ್ಯರದು ಬೇರೆ. ಹಂದಿಗೆ ಎರಡೂ ಅಂಟ್ತವೆ. ಒಂದೇ ಹಂದಿಯೊಳಗೆ ಒಟ್ಟಿಗೆ ಸೇರಿದ್ರೆ ಇದರ ತುಂಡು ಅದಕ್ಕೆ, ಅದರ ತುಂಡು ಇದಕ್ಕೆ ಸೇರ್ಕೊಂಡು ಹೊಸದೊಂದು ಹುಟ್ಟಬಹುದು. ಇಲ್ಲಿ ಹಾಗೇ ಆಗಿದೆ. ನಿಮ್ಮ ಹಂದಿಗಳಲ್ಲಿ ಸಿಕ್ಕಿದ್ದೇ ಸೌಭಾಗ್ಯನಲ್ಲೂ ಸಿಕ್ಕಿದೆ."

"ಹಳೇ ಸೀರೆ ಚೂರೆಲ್ಲ ಸೇರ್ಸಿ ಬೊಂತೆ ಹೊಲ್ದಂಗೆ," ಎಂದಳು ಚಿಕ್ಕತಾಯಮ್ಮ ನಿಧಾನಕ್ಕೆ.

"ಹೌದಮ್ಮ. ಹೊಸದಾಗಿರೋದ್ರಿಂದ ಯಾರ ಮೈಗೂ ಇದರ ಪರಿಚಯ ಇಲ್ಲ. ತಡೆಯೋ ಶಕ್ತಿ ಇರಲ್ಲ. ಇದು ಇಲ್ಲೇ ನಿಲ್ಲಬೇಕು." ಡಾಕ್ಟರು ತಲೆ ತಗ್ಗಿಸಿದರು. ಹಂದಿಗಳನ್ನು ಕೊಂದು ಹೂಳಬೇಕೆಂಬುದನ್ನು ಅವರು ಬಾಯಿಬಿಟ್ಟು ಹೇಳಬೇಕಾಗಲಿಲ್ಲ.

"ಬಾತೂನಾ?"

"ಬಾತೂ."

ಮೈತುಂಬ ಬಿಳಿ ದಿರಿಸು ತೊಟ್ಟ ಪಶು ಇಲಾಖೆಯವರು ಬಂದರು. ಕೆರೆಯಿಂದ ದೂರದ ಬಯಲಿನಲ್ಲಿ ಆಳವಾದ ಗುಂಡಿ ತೆಗೆದರು. ಬಾತುಗಳನ್ನು ಬುಟ್ಟಿಯಲ್ಲಿ ಒಯ್ದರು. ಅಪರಿಚಿತ ವೇಷ ಕಂಡು ಹಂದಿಗಳು ಗೂಡಿನ ಮೂಲೆಗೆ ಒತ್ತಿಕೊಂಡು ಕಿರುಚತೊಡಗಿದವು. ಹಗ್ಗ ಹಾಕಿ ಎಳೆದರೂ ಕದಲಲಿಲ್ಲ.

"ಹೊಡೀಬ್ಯಾಡಿ," ಎಂದಳು ಚಿಕ್ಕತಾಯಮ್ಮ. "ನಾನು ಕರೀತೀನಿ."

ಡಾಕ್ಟರು ಅವಳಿಗೂ ಮುಖಗವಸು, ಕೈಗವಸು ತೊಡಿಸಿದರು. ಅವಳು ಬೇಲಿಯಾಚೆ ನಿಂತು ಅದೇ ಕೂಗು ಹಾಕಿದಳು. ಮೊದಲ ಸಲ ಕೂಗು ಮುಖಗವಸಿನೊಳಗೇ ಉಳಿಯಿತು. ಎರಡನೆಯ ಸಲ ಕೆಂಚಿ ಕಿವಿ ನಿಮಿರಿಸಿದಳು. ಕೆಮ್ಮುತ್ತ, ತೂರಾಡುತ್ತ, ಗಂಜಿಯ ಹೊತ್ತಾಯಿತೇನೋ ಎಂಬಂತೆ ಹೊರಟಳು. ಹಿಂದೆ ಉಳಿದವೆಲ್ಲ. ನನ್ನ ಪಕ್ಕದಿಂದಲೇ ಹಾದುಹೋದವು. ಯಾವುದೂ ಕಿರುಚಲಿಲ್ಲ. ತಿರುಗಿ ಬರುವಾಗ ಚಿಕ್ಕತಾಯಮ್ಮ ಒಬ್ಬಳೇ ಬಂದಳು. ಖಾಲಿ ಗೂಡಿನ ಮುಂದೆ ಕೂತು, ಸತ್ತವರ ಮನೆಯಲ್ಲಿ ಅಳುವ ಹಾಗೆ ಗಟ್ಟಿಯಾಗಿ ಅತ್ತಳು. ಡಾಕ್ಟರು ಪಕ್ಕದಲ್ಲಿ ನೆಲದ ಮೇಲೆಯೇ ಕೂತರು.

ನನ್ನನ್ನು ಔಷಧದ ನೀರಿನಿಂದ ಉಜ್ಜಿ, ಸುಣ್ಣ ಬಳಿದು, ಇನ್ನು ಯಾವ ಪ್ರಾಣಿಯೂ ಬಾಯಿಡದಂತೆ ಕವುಚಿ ಹಾಕಿದರು. ಹೊಟ್ಟೆ ಕೊರೆಸಿಕೊಂಡ ದಿನದಿಂದ ಮೊದಲ ಬಾರಿಗೆ ನನಗೆ ಆಕಾಶ ಕಾಣದಾಯಿತು. ಕೇಳಿಸುವುದು ಮಾತ್ರ ಉಳಿಯಿತು.

ಊರಿನ ಮನೆಮನೆಗೂ ಹೋಗಿ ಜ್ವರ ನೋಡಿದರಂತೆ. ಯಾರಿಗೂ ಇರಲಿಲ್ಲ. ಸೌಭಾಗ್ಯ ಬಹಳ ದಿನ ಆಸ್ಪತ್ರೆಯಲ್ಲಿದ್ದು, ದಿನ ತುಂಬದ ಹೆಣ್ಣುಮಗುವನ್ನು ಹೆತ್ತಳು. ಇಬ್ಬರೂ ಉಳಿದು ಮನೆಗೆ ಬಂದರು. ಜನ ಮಾತ್ರ ಆ ಮನೆಯ ಮುಂದೆ ಸೆರಗು ಮೂಗಿಗೆ ಹಿಡಿದು ನಡೆದರಂತೆ. ನಲ್ಲಿಯಲ್ಲಿ ಚಿಕ್ಕತಾಯಮ್ಮನ ಬಿಂದಿಗೆ ಕೊನೆಗೆ ನಿಂತಿತಂತೆ. ಪುಟ್ಟಮಾದ ತಾಯಿಯೊಡನೆ ಮಾತು ಬಿಟ್ಟ. ಅನ್ನ ಇಟ್ಟರೆ ಉಂಡು ಎದ್ದುಹೋಗುತ್ತಿದ್ದನಂತೆ.

ಈಗ ನಾನು ಕೂರುವ ಕಲ್ಲು. ಸುಣ್ಣ ಉದುರಿದೆ, ಒಂದು ಮೂಲೆ ಒಡೆದಿದೆ. ಸಂಜೆ ಚಿಕ್ಕತಾಯಮ್ಮ ಮೊಮ್ಮಗಳನ್ನು ಎತ್ತಿಕೊಂಡು ನನ್ನ ಬೆನ್ನ ಮೇಲೆ ಕೂರುತ್ತಾಳೆ. ತುಂಬಿಕೊಂಡು ಕೊಡುವುದೇ ಬಾಳು ಎಂದುಕೊಂಡಿದ್ದೆ. ಕೊಡದೆ ತಡೆದು ನಿಲ್ಲುವುದೂ ಒಂದು ಬಾಳು ಎಂದು ತಿಳಿದದ್ದು ಅವಳಿಂದ.

ಮೊನ್ನೆ ನೆರೆಮನೆಯ ದೇವೀರಮ್ಮ ಬೇಲಿಯಾಚೆ ನಿಂತು ಮಾತಿಗಿಳಿದಳು. ಪುಟ್ಟಮಾದ ಹಿತ್ತಿಲಲ್ಲೇ ಸೌದೆ ಒಡೆಯುತ್ತಿದ್ದ.

"ಸುಮ್ಸುಮ್ನೆ ಹಂದಿನೆಲ್ಲ ಕಳ್ಕಂಡೆ ಕಣ್ ಚಿಕ್ಕತಾಯಿ. ಅವತ್ತು ಪ್ರಳಯ ಆಗೋಯ್ತದೆ ಅನ್ನಂಗ್ ಮಾಡುದ್ರು. ಊರಲ್ಲಿ ಒಬ್ರಿಗಾದ್ರೂ ಒಂದ್ ಶೀತ ಆಯ್ತಾ? ಏನೂ ಆಗ್ಲಿಲ್ಲ."

"ಏನೂ ಆಗ್ಲಿಲ್ಲ ಕಣವ್ವ," ಎಂದಳು ಚಿಕ್ಕತಾಯಮ್ಮ.

ದೇವೀರಮ್ಮ ಹೋದಳು. ಕೊಡಲಿಯ ಸದ್ದು ನಿಂತಿತು. ಹೆಜ್ಜೆಗಳು ಹತ್ತಿರ ಬಂದವು. ನನ್ನ ಬೆನ್ನ ಇನ್ನೊಂದು ತುದಿಗೆ ಭಾರ ಬಿತ್ತು.

"ಹಣೆ ಮೇಲಿನ್ ಗಾಯ ಇನ್ನೂ ನೋಯ್ತದಾ, ಅವ್ವ?" ಎಂದು ಪುಟ್ಟಮಾದ ಕೇಳಿದ.