ತೊಡಿಸಿ ನೋಡಿದ ಮೇಲೆ

ನನ್ನಕ್ಕ ದರ್ಜಿ. ಹೊಸ ಆಪರೇಟಿಂಗ್ ಸಿಸ್ಟಂ ಇಲ್ಲದೆ ನಡೆಯುವುದಿಲ್ಲವೆಂದು ಅವಳ ಕಸೂತಿ ಯಂತ್ರದ ಪ್ರೋಗ್ರಾಂ ಹಟ ಹಿಡಿಯಿತು. ರಿಪೇರಿ ಅಂಗಡಿಯವನು ಅವಳ ಹನ್ನೊಂದು ವರ್ಷದ ಲ್ಯಾಪ್‌ಟಾಪಿನ ಮಾದರಿ ಸಂಖ್ಯೆಯನ್ನಷ್ಟೇ ಓದಿ, "ಹೊಸ ಸಿಸ್ಟಂ ಹಾಕಬಹುದಾದ ಕಂಪನಿ ಪಟ್ಟೀಲಿ ಇದಿಲ್ಲ. ಗುಜರಿಗೆ ಹಾಕ್ಬಿಡಿ" ಎಂದ.

ಅಕ್ಕನ ಪಿತ್ತ ನೆತ್ತಿಗೇರಿತು. "ತೊಡಿಸಿ ನೋಡದೇನೇ ಬಿಗಿಯಾಗುತ್ತೆ ಅಂತಾನಲ್ಲ."

ಮನೆಯಲ್ಲಿ ಫೈಲುಗಳನ್ನೆಲ್ಲ ಬೇರೆಡೆ ಉಳಿಸಿಕೊಂಡು, ಪಟ್ಟಿ ನೋಡುವ ತಪಾಸಣೆಯನ್ನೇ ಕಿತ್ತುಹಾಕಿ ಹೊಸ ಸಿಸ್ಟಂ ತುಂಬಿಕೊಂಡ ಪೆನ್‌ಡ್ರೈವ್ ಸಿಕ್ಕಿಸಿದಳು. ಮೂರು ಸಲ ಕೈಕೊಟ್ಟಿತು. ನಾಲ್ಕನೆಯ ಸಲ ಹೊಸ ಪರದೆ ಬೆಳಗಿತು. ವೈಫೈ ನಡೆಯಲು ಹಳೆಯ ಡ್ರೈವರ್ ತಂತ್ರಾಂಶ ತಂದು ತೇಪೆ ಹಾಕಿದಳು. ಸಂಜೆಗೆ ಯಂತ್ರ ಕಾಲರಿನ ಮೇಲೆ ಬಳ್ಳಿ ಹೆಣೆಯಿತು. ಆ ವಿಡಿಯೊವನ್ನು ನಾನು ಅಂಗಡಿಯವನಿಗೆ ಕಳಿಸದೆ ಬಿಡುತ್ತೇನೆಯೇ?

ಮರುದಿನ ಅವನೇ ತನ್ನ ಹಳೆಯ ಲ್ಯಾಪ್‌ಟಾಪನ್ನು ಕಂಕುಳಲ್ಲಿಟ್ಟುಕೊಂಡು ಬಾಗಿಲಲ್ಲಿ ನಿಂತಿದ್ದ. ಅಕ್ಕ ಹೊಲಿಗೆಯಿಂದ ತಲೆಯೆತ್ತಲಿಲ್ಲ.

"ಬಿಟ್ಟು ಹೋಗಿ. ತೊಡಿಸಿ ನೋಡಿ ಹೇಳ್ತೀನಿ."